ಬೀಗದ ಕೈ ಯಾರಲ್ಲಿರಬೇಕು?

ಸಂಸಾರವೆಂದ ಮೇಲೆ ಹಣದ ಪೆಟ್ಟಿಗೆಯೊಂದಿರಬೇಕು. ಪೆಟ್ಟಿಗೆಯಿದ್ದ ಮೇಲೆ ಬೀಗವಿರಬೇಕು. ಬೀಗವಿದ್ದ ಮೇಲೆ ಅದರ ಕೈ ಯಾರ ವಶದಲ್ಲಿರಬೇಕೆಂಬ ಪ್ರಶ್ನೆಯು ಹುಟ್ಟಿಯೇ ಹುಟ್ಟುವುದು. ನಮ್ಮ ಹಿರಿಯರ ಕಾಲದಲ್ಲಿ ಇದಕ್ಕೆ ಉತ್ತರವು ಸುಲಭವಾಗಿದ್ದಿತು. ಮನೆಯ ಹಿರಿಯಾಕೆಯ ಸೊಂಟದಲ್ಲಿ ಬೀಗದ ಕೈಗೊಂಚಲು ತೂಗುತ್ತಿದ್ದರೆ ಆ ವಿಷಯದಲ್ಲಿ ಎರಡನೆಯ ಮಾತಿರಲಿಲ್ಲ. ತರುವಾಯ ಬ್ಯಾಂಕುಗಳು ಬಂದುವು. ಪೆಟ್ಟಿಗೆಯೂ ಬೀಗವೂ ಕೈಯೂ ಮೂರೂ ಪರರ ಮನೆಗೆ ಹೋದುವು. ಅದರಿಂದ ನಮಗೆ ನೆಮ್ಮದಿಯಾಯಿತೆಂಬುದು ನಿಜ. ಆದರೆ ಪೆಟ್ಟಿಗೆಯನ್ನು ಪುನಃ ಮನೆಗೆ ತರಲು ಸಾಧ್ಯವೆಂದು ಹೇಳುವ ಹೊಸ ವಿಧದ ಹಣವೊಂದು ಈಚಿನ ವರ್ಷಗಳಲ್ಲಿ ಹುಟ್ಟಿಕೊಂಡಿರುವುದರಿಂದ, ಆ ಹಳೆಯ ಪ್ರಶ್ನೆಯೂ ಮತ್ತೆ ತಲೆಯೆತ್ತಿದೆ. ಅಂತಹ ಪೆಟ್ಟಿಗೆಯೊಂದನ್ನು ಮನೆಯಲ್ಲಿ ಸ್ಥಾಪಿಸಿದ ಸಂಗತಿಯನ್ನು ನಾವು ಕಣ್ಣಾರೆ ಕಂಡೆವು. ಗೃಹಸ್ಥರಾದ ವಾಚಕರಿಗೆ ಅದು ಉಪಯುಕ್ತವಾಗಬಹುದೆಂದು ಇಲ್ಲಿ ಬರೆಯುತ್ತೇವೆ.

2024ರ ಬೇಸಿಗೆಯಲ್ಲಿ ನಾವು ದಂಪತಿಗಳು ಮೂರು ತಿಂಗಳ ಕಾಲ ಸ್ವಿಟ್ಜರ್ಲೆಂಡಿನ ಲುಗಾನೋ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದೆವು. ಲುಗಾನೋ ಆ ದೇಶದ ದಕ್ಷಿಣ ತುದಿಯಲ್ಲಿ, ಇಟಲಿಯ ಗಡಿಗೆ ಹತ್ತಿರದಲ್ಲಿದೆ. ಜನರಾಡುವುದು ಇಟಾಲಿಯನ್ ನುಡಿ. ಊರ ಮುಂದೆ ಸರೋವರ, ಅದರ ದಡದಲ್ಲಿ ಸಾನ್ ಸಾಲ್ವತೋರೆ ಎಂಬ ಬೆಟ್ಟ. ಅಳಿಯಂದಿರು ಗಣಕಯಂತ್ರಗಳ ಉದ್ಯೋಗದಲ್ಲಿರುವವರು. ಮಗಳು ಬೇಕಾದ ಪರವಾನಗಿಯನ್ನು ಪಡೆದು, ವಾರದಲ್ಲಿ ಮೂರು ದಿನ ಮಧ್ಯಾಹ್ನದ ಊಟದ ಡಬ್ಬಿಗಳನ್ನು ಸಿದ್ಧಪಡಿಸಿ ಮಾರುತ್ತಾಳೆ. ಬಿಸಿಬೇಳೆಬಾತು, ಚಿತ್ರಾನ್ನ, ಕೋಸಂಬರಿಗಳಿಗೆ ಆ ಊರಿನಲ್ಲಿ ಇಷ್ಟು ಮಂದಿ ಗಿರಾಕಿಗಳಿರುವರೆಂದು ನಾವು ಎಣಿಸಿರಲಿಲ್ಲ.

ಲುಗಾನೋವಿನ ಪೌರಸಭೆಯು 2022ರ ಮಾರ್ಚಿನಲ್ಲಿ, ಬಿಟ್‌ಕಾಯಿನ್ ಎಂಬ ನಾಣ್ಯವನ್ನು ಊರಿನ ವ್ಯಾಪಾರದಲ್ಲಿ ಬಳಕೆಗೆ ತರುವುದಾಗಿ ಸಾರಿತು. 2023ರ ಡಿಸೆಂಬರಿನಲ್ಲಿ, ಪೌರಸಭೆಗೆ ಸಲ್ಲಬೇಕಾದ ತೆರಿಗೆಯನ್ನೂ ಇತರ ಬಾಕಿಗಳನ್ನೂ ಅದರಲ್ಲಿಯೇ ಸಲ್ಲಿಸಬಹುದೆಂದು ಪ್ರಕಟಿಸಿತು. ಆದುದರಿಂದ ಅಲ್ಲಿ ಕಾಫಿಯ ಅಂಗಡಿಯಲ್ಲಿಯೂ ತರಕಾರಿಯ ಅಂಗಡಿಯಲ್ಲಿಯೂ ಈ ನಾಣ್ಯವನ್ನು ಕೊಡುವವರೂ ಕೊಳ್ಳುವವರೂ ಇದ್ದಾರೆ. ಮಗಳ ಗಿರಾಕಿಗಳಲ್ಲಿ ಕೆಲವರು ಅದರಲ್ಲಿಯೇ ಹಣ ಕೊಡಲು ಬಯಸಿದರು. ಮೊದಮೊದಲು ಆಕೆ ಮಧ್ಯಸ್ಥ ಸಂಸ್ಥೆಯೊಂದರ ಮೂಲಕ ಅದನ್ನು ಪಡೆಯುತ್ತಿದ್ದಳು. ಹೀಗಿರಲಾಗಿ, ಒಂದು ದಿನ ಆ ಸಂಸ್ಥೆಯವರು ಯಾವುದೋ ಪರಿಶೀಲನೆಯ ನೆಪದಿಂದ ಆಕೆಯ ಖಾತೆಯನ್ನು ತಡೆಹಿಡಿದರು. ಬರೆದ ಪತ್ರಗಳಿಗೆಲ್ಲ ಒಂದೇ ಬಗೆಯ ಅಚ್ಚುಹಾಕಿದ ಉತ್ತರ. ಮೂರು ವಾರಗಳ ಕಾಲ ಅಕ್ಕಿಬೇಳೆಗೆಂದು ಇಟ್ಟಿದ್ದ ಹಣ ಕೈಗೆ ಬರಲಿಲ್ಲ. ಕಡೆಗೆ ಬಂದಿತು, ನಿಜ. ಆದರೆ ಆ ಮೂರು ವಾರಗಳನ್ನು ಮಗಳು ಮರೆಯಲಿಲ್ಲ. “ನಾನು ಬೇಯಿಸಿದ ಅನ್ನದ ಹಣ, ಅಪ್ಪ. ಅದನ್ನು ಮುಟ್ಟುವುದಕ್ಕೆ ಯಾರನ್ನೋ ಬೇಡಬೇಕೆ?” ಎಂದು ನಮ್ಮೊಡನೆ ಹೇಳಿಕೊಂಡಳು. ಈ ಅಸಮಾಧಾನದಿಂದಲೇ, ಮನೆಯಲ್ಲಿ ಸ್ವಂತದ ನೋಡ್ ಒಂದನ್ನು ಇಡಬೇಕೆಂಬ ಸಂಕಲ್ಪವು ಹುಟ್ಟಿತು.

ನೋಡ್ ಎಂದರೇನೆಂಬುದನ್ನು ಹೇಳುವ ಮೊದಲು ಈ ನಾಣ್ಯದ ಸ್ವರೂಪವನ್ನು ನಾಲ್ಕು ಮಾತುಗಳಲ್ಲಿ ಹೇಳುವುದು ಯುಕ್ತ. ಸತೋಷಿ ನಾಕಾಮೋಟೋ ಎಂಬ ಹೆಸರಿಟ್ಟುಕೊಂಡ, ಇಂದಿಗೂ ಯಾರೆಂದು ಗೊತ್ತಾಗದ ಒಬ್ಬರು 2008ನೆಯ ಅಕ್ಟೋಬರ್ 31ರಂದು ಇದರ ವಿಧಾನವನ್ನು ವಿವರಿಸುವ ಲೇಖನವನ್ನು ಪ್ರಕಟಿಸಿದರು. 2009ನೆಯ ಜನವರಿ 3ರಂದು ಅದರ ಲೆಕ್ಕವು ಆರಂಭವಾಯಿತು. ನಮ್ಮ ನಾಡಿನ ವರ್ತಕರು ಹಿಂದೆ ಕಡತಗಳಲ್ಲಿ ಲೆಕ್ಕ ಬರೆದಿಡುತ್ತಿದ್ದರಷ್ಟೆ. ಇದೂ ಒಂದು ಕಡತವೇ. ಭೇದವೇನೆಂದರೆ, ಶಾನುಭೋಗನೊಬ್ಬನ ಮನೆಯಲ್ಲಿರದೆ ಇದರ ಪ್ರತಿಯು ಪ್ರಪಂಚದಾದ್ಯಂತ ಸಹಸ್ರಾರು ಮನೆಗಳಲ್ಲಿರುತ್ತದೆ. ಸುಮಾರು ಹತ್ತು ನಿಮಿಷಗಳಿಗೊಮ್ಮೆ ಹೊಸ ಪುಟವೊಂದು ಸೇರುವುದು. ಪ್ರತಿಯೊಂದು ಪುಟದಲ್ಲಿಯೂ ಹಿಂದಿನ ಪುಟದ ಮುದ್ರೆಯಿರುವುದರಿಂದ, ಹಳೆಯ ಪುಟದಲ್ಲಿ ಒಂದಂಕೆಯನ್ನು ತಿದ್ದಿದರೂ ಮುಂದಿನ ಮುದ್ರೆಗಳೆಲ್ಲ ಹೊಂದದೆ ಮೋಸವು ಬಯಲಾಗುವುದು. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರಕೂಡದೆಂಬುದು ಕಟ್ಟಳೆ. ಒಂದು ನಾಣ್ಯವನ್ನು 10 ಕೋಟಿ ಭಾಗ ಮಾಡಿದರೆ ಒಂದು ಸತೋಷಿ. ಊಟದ ಡಬ್ಬಿಯ ಬೆಲೆಯನ್ನು ಸತೋಷಿಗಳಲ್ಲಿಯೇ ಎಣಿಸುತ್ತಾರೆ.

ಈ ಕಡತದ ಪೂರ್ಣ ಪ್ರತಿಯನ್ನು ಇಟ್ಟುಕೊಂಡು, ಬರುವ ಒಂದೊಂದು ಪುಟವನ್ನೂ ತಾನೇ ಪರೀಕ್ಷಿಸುವ ಯಂತ್ರವೇ ನೋಡ್. ಸಹಿ ಸರಿಯಾಗಿದೆಯೆ, ಒಂದೇ ನಾಣ್ಯವನ್ನು ಇಬ್ಬರಿಗೆ ಕೊಟ್ಟಿಲ್ಲವಷ್ಟೆ, ಕಟ್ಟಳೆಗೆ ಮೀರಿ ಹೊಸ ನಾಣ್ಯ ಹುಟ್ಟಿಲ್ಲವಷ್ಟೆ ಎಂದು ಅದು ನೋಡುವುದು. ತಪ್ಪಿದ್ದರೆ ಆ ಪುಟವನ್ನು ಒಪ್ಪದು. ಅನೇಕರು ಇದನ್ನು ನಾಣ್ಯ ಅಗೆಯುವ ಕಾರ್ಖಾನೆಯೆಂದು ಭ್ರಮಿಸುತ್ತಾರೆ. ಹೊಸ ಪುಟವನ್ನು ಕಟ್ಟಿ ಬಹುಮಾನ ಪಡೆಯುವ ಉದ್ಯಮವು ಬೇರೆ; ಅದಕ್ಕೆ ದೊಡ್ಡ ಯಂತ್ರಗಳೂ ಅಪಾರವಾದ ವಿದ್ಯುತ್ತೂ ಬೇಕು. ಆ ಬಹುಮಾನವೂ 2024ರ ಏಪ್ರಿಲ್ ತಿಂಗಳಿನಿಂದ ಪುಟವೊಂದಕ್ಕೆ 3.125 ನಾಣ್ಯಗಳಿಗೆ ಇಳಿದಿದೆ. ಮನೆಯ ನೋಡ್ ಈ ಲೆಕ್ಕವನ್ನು ಕಾಯುವುದಕ್ಕಾಗಿ ಒಂದು ಕಾಸನ್ನೂ ಗಳಿಸದು. ಅದು ಕಾವಲುಗಾರನೇ ಹೊರತು ಕುಬೇರನಲ್ಲ.

ಅಳಿಯಂದಿರು ತಂದ ಸಾಮಗ್ರಿಯನ್ನು ನೋಡಿ ನಮಗೆ ಆಶ್ಚರ್ಯವಾಯಿತು. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕ, ಅದಕ್ಕೆ 8 ಗಿಗಾಬೈಟಿನ ಸ್ಮೃತಿ, ಇಸ್ಪೀಟಿನ ಕಟ್ಟಿನಷ್ಟು ದೊಡ್ಡದಾದ, 2 ಟೆರಾಬೈಟ್ ಹಿಡಿಯುವ ಡಿಸ್ಕು, ಒಂದು ತಂತಿ, ವಿದ್ಯುತ್ತಿನ ಒಂದು ಕಟ್ಟು. ಇಷ್ಟೆ. ಆ ಸಮಯಕ್ಕೆ ಕಡತವು ಸುಮಾರು 600 ಗಿಗಾಬೈಟಿನಷ್ಟು ಬೆಳೆದಿದ್ದುದರಿಂದ, ಮುಂದಿನ ಬೆಳವಣಿಗೆಗೂ ಎಡೆಯಿರಲೆಂದು ದೊಡ್ಡ ಡಿಸ್ಕನ್ನು ಆರಿಸಿದ್ದರು. ಬಿಟ್‌ಕಾಯಿನ್ ಕೋರ್ ಎಂಬ ಕ್ರಮವಿಧಿಯನ್ನು ಇಳಿಸಿಕೊಂಡ ಕೂಡಲೇ ಅದನ್ನು ನಂಬಿಬಿಡದೆ, ಅದನ್ನು ರಚಿಸಿದವರ ಸಹಿಯೊಡನೆ ತಾಳೆನೋಡಿದರು. ದಾರಿಯಲ್ಲಿ ಯಾರಾದರೂ ಬದಲಾಯಿಸಿದ್ದರೆ ಆಗಲೇ ತಿಳಿಯುವುದಂತೆ. ಮನೆಯ ವಿಳಾಸವು ಹೊರಗಿನವರಿಗೆ ಕಾಣದಿರಲೆಂದು ಸಂಪರ್ಕವನ್ನೆಲ್ಲ ಟಾರ್ ಎಂಬ ಮರೆಯ ಮಾರ್ಗದಿಂದ ಹಾಯಿಸಿದರು. ಹಣವಿರುವ ಮನೆಯೆಂದು ಬಾಗಿಲ ಮೇಲೆ ಬರೆಯಕೂಡದೆಂಬುದು ಎಲ್ಲ ಕಾಲಕ್ಕೂ ಸಲ್ಲುವ ಬುದ್ಧಿ.

ತರುವಾಯ ಆ ಯಂತ್ರವು 2009ರ ಮೊದಲ ಪುಟದಿಂದ ಆರಂಭಿಸಿ ಒಂದೊಂದನ್ನೇ ಓದತೊಡಗಿತು. ಆಗ ಒಟ್ಟು ಪುಟಗಳು 8,50,000ದ ಸಮೀಪದಲ್ಲಿದ್ದುವು. ಮೊದಲ ವರ್ಷಗಳ ಪುಟಗಳಲ್ಲಿ ವ್ಯವಹಾರ ಕಡಮೆಯಾದುದರಿಂದ ಅವು ಓಡೋಡಿ ಹೋದುವು; ಈಚಿನ ವರ್ಷಗಳಿಗೆ ಬಂದಾಗ ಯಂತ್ರವು ಏರು ಹತ್ತುವ ಎತ್ತಿನಂತೆ ನಿಧಾನಿಸಿತು. ಐದು ಹಗಲು ಐದು ರಾತ್ರಿ ಅದು ಪುಸ್ತಕದ ಕಪಾಟಿನ ಮೇಲೆ ಕುಳಿತು ಓದಿತು. ಶುಕ್ರವಾರ ನಮ್ಮ ಮನೆಯವರು ದೇವರಿಗೆ ದೀಪ ಹಚ್ಚಿ ಬಂದು, “ಇದಕ್ಕೂ ಒಂದು ಕುಂಕುಮವಿಡಲೇ?” ಎಂದು ಕೇಳಿದಾಗ ಅಳಿಯಂದಿರು, “ಇಡಿ ಅತ್ತೆ, ಗಾಳಿಯಾಡುವ ಕಿಂಡಿಯೊಂದನ್ನು ಮಾತ್ರ ಬಿಟ್ಟುಬಿಡಿ” ಎಂದು ನಕ್ಕರು. ಇದರ ವಿದ್ಯುತ್ ವೆಚ್ಚವು ಸಣ್ಣದೊಂದು ದೀಪದಷ್ಟು. ವರ್ಷಕ್ಕೆ ಸುಮಾರು 60 ಯೂನಿಟ್ಟುಗಳು.

ಆದರೆ ಊಟದ ಡಬ್ಬಿಯ ವ್ಯಾಪಾರಕ್ಕೆ ಈ ಕಡತವೊಂದೇ ಸಾಲದು. ಗಿರಾಕಿಯು ಹತ್ತು ನಿಮಿಷ ಕಾಯುತ್ತ ನಿಂತರೆ ಅನ್ನ ಆರಿಹೋಗುವುದು. ಸಣ್ಣ ಮೊತ್ತಕ್ಕೆ ಪುಟದ ಶುಲ್ಕವೂ ಭಾರವಾದೀತು. ಇದಕ್ಕಾಗಿ ಲೈಟ್ನಿಂಗ್ ಎಂಬ ಎರಡನೆಯ ಏರ್ಪಾಡಿದೆ. ಅದರ ತತ್ತ್ವವನ್ನು ಜೋಸೆಫ್ ಪೂನ್, ಥ್ಯಾಡಿಯಸ್ ಡ್ರೈಜಾ ಎಂಬಿಬ್ಬರು ವಿವರಿಸಿದರು. 2018ರಿಂದ ಅದು ಬಳಕೆಗೆ ಬಂದಿದೆ. ನಮ್ಮ ದೇವಾಲಯಗಳಲ್ಲಿ ಎರಡು ಬೀಗಗಳ ಹುಂಡಿಯಿರುವುದುಂಟು. ಒಂದರ ಕೈ ಧರ್ಮದರ್ಶಿಗಳಲ್ಲಿ, ಇನ್ನೊಂದರದು ಪಾರುಪತ್ಯಗಾರರಲ್ಲಿ. ಇಬ್ಬರೂ ಕೂಡಿದ ಹೊರತು ಅದು ತೆರೆಯದು. ಹಾಗೆಯೇ ಇಬ್ಬರು ಕೂಡಿ ಒಂದಿಷ್ಟು ನಾಣ್ಯವನ್ನು ಎರಡು ಬೀಗದ ಪೆಟ್ಟಿಗೆಯಲ್ಲಿಟ್ಟು, ಅದನ್ನು ಮಾತ್ರ ದೊಡ್ಡ ಕಡತದಲ್ಲಿ ಬರೆಯಿಸುತ್ತಾರೆ. ಬಳಿಕ ಅದರಲ್ಲಿ ಯಾರ ಪಾಲೆಷ್ಟೆಂಬ ಚೀಟಿಯನ್ನು ದಿನಕ್ಕೆ ನೂರು ಸಲ ಬೇಕಾದರೂ ತಮ್ಮೊಳಗೇ ಬದಲಾಯಿಸಿ ಸಹಿ ಹಾಕಿಕೊಳ್ಳಬಹುದು. ಕೊನೆಗೆ ಲೆಕ್ಕ ಮುಗಿಸುವಾಗ ಕಡೆಯ ಚೀಟಿ ಮಾತ್ರ ಕಡತಕ್ಕೆ ಸೇರುವುದು. ಈ ಪೆಟ್ಟಿಗೆಗೆ ಚಾನೆಲ್ ಎಂದು ಹೆಸರು. ಚಾನೆಲ್ಲುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ, ಪರಿಚಯವಿಲ್ಲದ ಗಿರಾಕಿಯ ಹಣವೂ ನಡುವಣವರ ಕೈದಾಟಿ ಕ್ಷಣಮಾತ್ರದಲ್ಲಿ ಬಂದು ಸೇರುತ್ತದೆ. ನಡುವಣವರು ಅದನ್ನು ನುಂಗದಂತೆ ಗಣಿತದ ಕಟ್ಟು ಇದೆ.

ಇಲ್ಲಿ ಹೊಸಬರೆಲ್ಲರೂ ತಡವರಿಸುವ ಒಂದು ತೊಡಕುಂಟು. ಮಕ್ಕಳು ಎಣಿಕೆ ಕಲಿಯುವ ಮಣಿಗಳ ಚೌಕಟ್ಟನ್ನು ನೆನೆಯಿರಿ. ಮಣಿಗಳೆಲ್ಲ ನಿಮ್ಮ ಕಡೆಗೇ ಇದ್ದರೆ ನೀವು ಅತ್ತ ತಳ್ಳಬಹುದೇ ಹೊರತು, ಅತ್ತಣಿಂದ ನಿಮ್ಮತ್ತ ಬರಲು ಒಂದೂ ಇರುವುದಿಲ್ಲ. ಮಗಳು ತಾನೇ ಹಣವಿಟ್ಟು ತೆರೆದ ಚಾನೆಲ್ಲಿನ ಸ್ಥಿತಿಯೂ ಇದೇ ಆಗಿದ್ದಿತು. ಕೊಡುವುದಕ್ಕೆ ಬರುತ್ತಿತ್ತು, ಕೊಳ್ಳುವುದಕ್ಕೆ ಬರುತ್ತಿರಲಿಲ್ಲ. ಆಕೆ ಇದಕ್ಕೆ ಎರಡು ಉಪಾಯ ಹೂಡಿದಳು. ಒಂದು ವಾರ ತರಕಾರಿಯನ್ನೆಲ್ಲ ಆ ಚಾನೆಲ್ಲಿನಿಂದಲೇ ಕೊಂಡು ಮಣಿಗಳನ್ನು ಅತ್ತ ತಳ್ಳಿದಳು. ಅಲ್ಪ ಶುಲ್ಕ ಕೊಟ್ಟು, ದೊಡ್ಡ ನೋಡ್ ಒಂದರವರು ತನ್ನ ಕಡೆಗೆ ಚಾನೆಲ್ ತೆರೆಯುವಂತೆಯೂ ಮಾಡಿಸಿಕೊಂಡಳು. ಗಿರಾಕಿಗಳಿಗೆ ಬೆಲೆಯ ಚೀಟಿ ತೋರಿಸುವುದಕ್ಕೆ ಬಿಟಿಸಿಪೇ ಸರ್ವರ್ ಎಂಬ ಕ್ರಮವಿಧಿಯನ್ನು ಅಳವಡಿಸಿದರು. ನಿಕೊಲಾ ಡೋರಿಯೇ ಎಂಬವರು 2017ರಲ್ಲಿ ಆರಂಭಿಸಿದ ಇದನ್ನು ಯಾರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇವೆ. ಈ ಪೆಟ್ಟಿಗೆಯ ಬೀಗದ ಕೈಯೆಂದರೆ ಇಪ್ಪತ್ತನಾಲ್ಕು ಪದಗಳು. ಚಾನೆಲ್ ತೆರೆಯುವ ಮೊದಲೇ ಯಂತ್ರವು ಅವನ್ನು ತೋರಿಸುವುದು. 2,048 ಪದಗಳ ಪಟ್ಟಿಯಿಂದ ಆರಿಸಿದ, ಅರ್ಥಸಂಬಂಧವಿಲ್ಲದ ಇಂಗ್ಲಿಷ್ ಪದಗಳವು. ಅವುಗಳನ್ನು ಕ್ರಮವಾಗಿ ಬಲ್ಲವನೇ ಹಣದ ಒಡೆಯ. ಕಳೆದರೆ ಪುನಃ ಕೊಡುವ ಅಧಿಕಾರಿಯಿಲ್ಲ. ಕಳುವಾದರೆ ದೂರು ಕೇಳಿ ಹಣ ಹಿಂದಿರುಗಿಸುವ ಶಾಖೆಯಿಲ್ಲ. ಅಳಿಯಂದಿರು ಅವನ್ನು ಕಾಗದದ ಮೇಲೆ ಬರೆದು, ಮಡಿಸಿ, ತಮ್ಮ ಮೇಜಿನ ಖಾನೆಯಲ್ಲಿಟ್ಟರು. ಆ ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಮೆಲ್ಲನೆ ಕೇಳಿದರು:

“ಹಣ ಯಾರದು?”

“ಇವಳದೇ, ಅತ್ತೆ.”

“ಹಾಗಾದರೆ ಕೈ ಏಕೆ ನಿಮ್ಮ ಖಾನೆಯಲ್ಲಿ?”

ಅಳಿಯಂದಿರು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಅವಳಿಗೆ ಇದರ ತಂಟೆ ಬೇಡವೆಂದು ನಾನೇ ವಹಿಸಿಕೊಂಡೆ” ಎಂದರು. ಮಗಳ ಮುಖ ಕೆಂಪಾಯಿತು. “ಸಂಸ್ಥೆಯವರೂ ನನಗೆ ಹೀಗೆಯೇ ಬರೆದಿದ್ದರು, ನಿಮಗೇಕೆ ತೊಂದರೆಯೆಂದು” ಎಂದುಬಿಟ್ಟಳು. ಮಾತು ಸ್ವಲ್ಪ ಬಿಸಿಯಾಯಿತು. ನಾವು ನಡುವೆ ಬಾಯಿಹಾಕಲಿಲ್ಲ. ಗಂಡಹೆಂಡಿರ ಮಾತಿನಲ್ಲಿ ಮೂರನೆಯವರ ನ್ಯಾಯ ನಿಲ್ಲದು. ಆದರೆ ನಮ್ಮ ಮನೆಯವರು ಅಷ್ಟಕ್ಕೆ ಬಿಡಲಿಲ್ಲ. “ನೀವಿಬ್ಬರೂ ಪ್ರತಿ ಭಾನುವಾರ ಒಂದೇ ಕಾರಿನಲ್ಲಿ ಬೆಟ್ಟದ ದಾರಿ ಹಿಡಿಯುತ್ತೀರಿ. ಕೆಟ್ಟದ್ದನ್ನು ಆಡಬಾರದು; ಆದರೂ ಕೇಳುತ್ತೇನೆ. ಮಗುವಿನ ಪಾಲನ್ನು ಆ ಪೆಟ್ಟಿಗೆಯಿಂದ ತೆಗೆದುಕೊಡುವವರು ಯಾರು?” ಎಂದರು. ಅದಕ್ಕೆ ಯಾರಲ್ಲಿಯೂ ಉತ್ತರವಿರಲಿಲ್ಲ. ಹಣ ಹೋಗುವ ಭಯಕ್ಕಿಂತಲೂ, ಹಣವಿದ್ದೂ ಇಲ್ಲದಂತಾಗುವ ಭಯವು ಆ ಮೌನದಲ್ಲಿ ನಮಗೆ ಸ್ಪಷ್ಟವಾಯಿತು.

ಮರುದಿನ ಅಳಿಯಂದಿರೇ ಒಂದು ಪರೀಕ್ಷೆಯನ್ನು ಸೂಚಿಸಿದರು. ಈ ಔದಾರ್ಯಕ್ಕಾಗಿ ಅವರನ್ನು ಮೆಚ್ಚಬೇಕು. ಚಾನೆಲ್ಲುಗಳನ್ನು ತೆರೆಯುವುದಕ್ಕೆ ಮುಂಚೆಯೇ, ಕೆಲವು ಸಾವಿರ ಸತೋಷಿಗಳನ್ನು ಮಾತ್ರ ಒಳಗಿಟ್ಟು, ಯಂತ್ರದಲ್ಲಿದ್ದ ಚೀಲವನ್ನು ಪೂರ್ತಿಯಾಗಿ ಅಳಿಸಿಹಾಕಿದರು. “ಇನ್ನು ನೀನೊಬ್ಬಳೇ ಇದನ್ನು ಮರಳಿ ಪಡೆ, ನಾನು ಮಾತಾಡುವುದಿಲ್ಲ” ಎಂದು ಹೇಳಿ ದೂರ ಕುಳಿತರು. ಮಗಳು ಕಾಗದವನ್ನು ನೋಡಿ ಪದಗಳನ್ನು ಒಂದೊಂದಾಗಿ ತುಂಬಿದಳು. ಯಂತ್ರವು ಒಪ್ಪಲಿಲ್ಲ. ಇನ್ನೊಮ್ಮೆ ತುಂಬಿದಳು, ಆಗಲೂ ಒಪ್ಪಲಿಲ್ಲ. ಕಾಲು ಗಂಟೆ ಪರಿಶೀಲಿಸಿದ ಮೇಲೆ, ಏಳನೆಯ ಪದದಲ್ಲಿ ಗಂಡನ ಕೈಬರಹದ ಒಂದಕ್ಷರವು ಎರಡು ಬಗೆಯಾಗಿ ಓದಿಸಿಕೊಳ್ಳುವಂತಿರುವುದು ಆಕೆಗೆ ಕಂಡಿತು; ಪಟ್ಟಿಯಲ್ಲಿಯೂ ಎರಡು ಪದಗಳು ಹೊಂದುವಂತಿದ್ದುವು. ಮತ್ತೊಂದನ್ನು ತುಂಬಿದೊಡನೆ ಬಾಗಿಲು ತೆರೆಯಿತು. ಸತೋಷಿಗಳು ಮರಳಿ ಕಂಡುವು. ಹತ್ತು ವರ್ಷಗಳ ತರುವಾಯ, ದುಃಖದ ದಿನದಲ್ಲಿ, ಬೇರೆ ಯಾರೋ ಆ ಕಾಗದವನ್ನು ಹಿಡಿದು ಕುಳಿತಿದ್ದರೆ ಏನಾಗುತ್ತಿದ್ದಿತೆಂದು ನಾವೆಲ್ಲರೂ ಮನಸ್ಸಿನಲ್ಲಿಯೇ ಎಣಿಸಿಕೊಂಡೆವು.

ಕೊನೆಗೆ ಏರ್ಪಟ್ಟ ಕ್ರಮವು ಹೀಗೆ. ಮಗಳು ಹೊಸ ಪದಗಳನ್ನು ಯಂತ್ರದಿಂದ ಪಡೆದು ತನ್ನ ಕೈಯಿಂದಲೇ ದಪ್ಪಕ್ಷರಗಳಲ್ಲಿ ಬರೆದಳು. ಅವುಗಳಿಗೆ ಮೇಲೊಂದು ಗುಪ್ತವಾಕ್ಯವನ್ನೂ ಸೇರಿಸಿದಳು. ಎರಡೂ ಕೂಡಿದ ಹೊರತು ಪೆಟ್ಟಿಗೆ ತೆರೆಯದು. ಪದಗಳ ಕಾಗದವು ಇಬ್ಬರ ಹೆಸರಿನಲ್ಲಿರುವ ಬ್ಯಾಂಕಿನ ಲಾಕರಿಗೆ ಹೋಯಿತು. ಗುಪ್ತವಾಕ್ಯವನ್ನು ಮೊಹರುಮಾಡಿದ ಲಕೋಟೆಯಲ್ಲಿಟ್ಟು ನಮಗೆ ಒಪ್ಪಿಸಿದರು. ಅದು ಈಗ ಮೈಸೂರಿನಲ್ಲಿ ನಮ್ಮ ಬಳಿಯಲ್ಲಿದೆ. ನಮ್ಮ ತರುವಾಯ ಅದು ಯಾರ ಕೈಗೆ ಸೇರಬೇಕೆಂಬುದನ್ನೂ ಬರೆದಿಟ್ಟಿದ್ದೇವೆ. ಒಂದು ವಿಷಯವನ್ನು ಮರೆಯಕೂಡದು: ಪದಗಳಿಂದ ಕಡತದ ಮೇಲಿನ ಹಣವಷ್ಟೆ ಮರಳುವುದು. ಚಾನೆಲ್ಲುಗಳಲ್ಲಿದ್ದ ಹಣವನ್ನು ಮರಳಿ ಕೇಳಲು ಅವುಗಳ ವಿವರವಿರುವ ಸಣ್ಣ ದಾಖಲೆಯೊಂದು ಬೇಕು. ಹೊಸ ಚಾನೆಲ್ ತೆರೆದಾಗಲೆಲ್ಲ ಅದರ ಹೊಸ ಪ್ರತಿಯನ್ನು ಬೇರೆ ಕಡೆ ಇಡಬೇಕು. ಇದನ್ನೂ ಮಗಳೇ ಮಾಡುತ್ತಾಳೆ.

ಇಷ್ಟಾದರೂ ಅಪಾಯಗಳು ಮುಗಿದುವೆಂದು ತಿಳಿಯಕೂಡದು. ಚಾನೆಲ್ಲಿನ ಆಚೆಯವನು ತನಗೆ ಲಾಭವಾದ ಹಳೆಯ ಚೀಟಿಯನ್ನು ಕಡತಕ್ಕೆ ತೋರಿಸಿ ಮೋಸಮಾಡಲೆಳಸಬಹುದು. ನೋಡ್ ಎಚ್ಚರವಾಗಿದ್ದು ಅದನ್ನು ಗೊತ್ತಾದ ಅವಧಿಯೊಳಗೆ ಕಂಡರೆ, ಮೋಸಗಾರನ ಪಾಲೆಲ್ಲ ಇತ್ತಲೇ ಬರುವುದು, ಕಾಣದಿದ್ದರೆ ನಷ್ಟ. ಆದುದರಿಂದ ಯಂತ್ರವು ಸದಾ ನಡೆಯುತ್ತಿರಬೇಕು. ಅದು ಕೆಟ್ಟಾಗ ನೋಡಿಕೊಳ್ಳಲು ಕಾವಲುಗೋಪುರವೆಂಬ ಮತ್ತೊಂದು ಯಂತ್ರದ ನೆರವನ್ನು ಪಡೆಯುವುದೊಳ್ಳೆಯದು. ಇದಲ್ಲದೆ ನಾಣ್ಯದ ಬೆಲೆಯ ಏರಿಳಿತವಿದೆ. 2021ರ ನವೆಂಬರಿನಲ್ಲಿ ಸುಮಾರು 69,000 ಡಾಲರು ಬಾಳುತ್ತಿದ್ದ ನಾಣ್ಯವು ಮರುವರ್ಷ ಅದೇ ತಿಂಗಳಿನಲ್ಲಿ 16,000 ಡಾಲರಿನ ಆಸುಪಾಸಿಗೆ ಬಿದ್ದಿತು. ಹಾಗಾಗಿ ಮಗಳು ಒಂದು ವಾರದ ಗಳಿಕೆಗಿಂತ ಹೆಚ್ಚನ್ನು ಅದರಲ್ಲಿ ಇಡುವುದಿಲ್ಲ. ಮಿಕ್ಕುದನ್ನು ಫ್ರಾಂಕುಗಳಿಗೆ ಬದಲಾಯಿಸಿ ಬ್ಯಾಂಕಿನಲ್ಲಿಡುತ್ತಾಳೆ, ಲೆಕ್ಕ ಬರೆದು ತೆರಿಗೆ ಸಲ್ಲಿಸುತ್ತಾಳೆ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಮಗಳ ಮದುವೆಯ ಒಡವೆಯನ್ನು ಯಾರೂ ಇಡುವುದಿಲ್ಲವಷ್ಟೆ.

ಪರರ ಕೈಯಲ್ಲಿಟ್ಟರೆ ಅಪಾಯವಿಲ್ಲವೆಂದೂ ಹೇಳುವಂತಿಲ್ಲ. ಟೋಕಿಯೋ ನಗರದ ಮೌಂಟ್ ಗಾಕ್ಸ್ ಎಂಬ ವಿನಿಮಯ ಸಂಸ್ಥೆಯು 2014ರ ಫೆಬ್ರವರಿಯಲ್ಲಿ ದಿವಾಳಿಯಾದಾಗ ಸುಮಾರು 8,50,000 ನಾಣ್ಯಗಳು ಕಾಣೆಯಾಗಿದ್ದುವು. ತರುವಾಯ ಸಿಕ್ಕಿದ್ದು ಸುಮಾರು 2,00,000. ಅಲ್ಲಿ ನಾಣ್ಯವಿಟ್ಟವರಲ್ಲಿದ್ದುದು ರಸೀತಿ ಮಾತ್ರ. ಕೈ ಇದ್ದುದು ಸಂಸ್ಥೆಯವರಲ್ಲಿ.

ನಮ್ಮ ದೇಶದ ವಿಷಯವನ್ನೂ ಹೇಳದೆ ಮುಗಿಸಿದರೆ ವಾಚಕರಿಗೆ ಅನ್ಯಾಯವಾದೀತು. ಭಾರತದಲ್ಲಿ ಇದು ಕಾನೂನಿನ ಪ್ರಕಾರ ಚಲಾವಣೆಯ ನಾಣ್ಯವಲ್ಲ. ಬ್ಯಾಂಕುಗಳು ಇದರ ವ್ಯವಹಾರಕ್ಕೆ ನೆರವಾಗಕೂಡದೆಂದು ರಿಸರ್ವ್ ಬ್ಯಾಂಕು 2018ರ ಏಪ್ರಿಲ್ 6ರಂದು ಹೊರಡಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ತಳ್ಳಿಹಾಕಿತು. 2022ರಿಂದ ಇದರ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆಯನ್ನೂ, ಕೈಬದಲಾಯಿಸುವಾಗ ನೂರಕ್ಕೆ 1ರಂತೆ ಮುಂಗಡದ ಮುರಿತವನ್ನೂ ವಿಧಿಸಿದ್ದಾರೆ. ಒಂದರಲ್ಲಾದ ನಷ್ಟವನ್ನು ಬೇರೊಂದರ ಲಾಭದಲ್ಲಿ ಕಳೆಯುವಂತಿಲ್ಲ. 2016ರಲ್ಲಿ ಆರಂಭವಾದ ಯುಪಿಐಯಿಂದ ಸೊಪ್ಪಿನವಳಿಗೂ ಕ್ಷಣದಲ್ಲಿ ಹಣ ಸಲ್ಲಿಸುವ ಅನುಕೂಲವು ನಮಗಿರುವಾಗ, ದಿನಬಳಕೆಯ ಕೊಡುಕೊಳ್ಳುವಿಕೆಗೆ ಇಂತಹ ನೋಡ್ ನಮ್ಮಲ್ಲಿ ಅವಶ್ಯವೆಂದು ನಾವು ಹೇಳುವುದಿಲ್ಲ. ಲೆಕ್ಕದ ರಹಸ್ಯವನ್ನು ತಿಳಿಯಲೆಳಸುವ ತರುಣರು ಇಟ್ಟರೆ ಬೇಡವೆನ್ನುವುದೂ ಇಲ್ಲ.

ಆದರೆ ನೋಡ್ ಇಲ್ಲದ ಮನೆಗೂ ಈ ಕಥೆಯಲ್ಲಿ ಒಂದು ಮಾತುಂಟು. ಇಂದು ಪ್ರತಿಯೊಂದು ಸಂಸಾರದಲ್ಲಿಯೂ ಗುಪ್ತಪದಗಳಿವೆ. ಬ್ಯಾಂಕಿನವು, ವಿಮೆಯವು, ಫೋನಿನವು. ಅವು ಬಹುಮಟ್ಟಿಗೆ ಒಬ್ಬರ ತಲೆಯಲ್ಲಿಯೋ ಒಬ್ಬರ ಖಾನೆಯಲ್ಲಿಯೋ ಇರುತ್ತವೆ. ದುಡಿಯುವವರಿಗೆ ತಮ್ಮ ದುಡಿಮೆಯ ಬೀಗದ ಕೈ ಕೈಯಲ್ಲಿರಲಿ. ಅದನ್ನು ತಿರುಗಿಸುವ ಬಗೆಯೂ ತಿಳಿದಿರಲಿ. ತಿಳಿದಿದೆಯೆಂಬುದನ್ನು ಒಂದು ಸಲ ಮಾಡಿಯೂ ನೋಡಿರಲಿ. ತಮ್ಮ ತರುವಾಯ ಬರುವವರಿಗೆ ಅದು ಸಿಕ್ಕುವ ಏರ್ಪಾಡೂ ಇರಲಿ. ಮನೆಯ ಹಿರಿಯರು ಒಂದು ಸಂಜೆ ದೀಪ ಹಚ್ಚಿದ ಮೇಲೆ ಎಲ್ಲರನ್ನೂ ಕೂಡಿಸಿಕೊಂಡು ಈ ಮಾತನ್ನು ಎತ್ತಲಿ. ಕೇಳುವುದಕ್ಕೆ ಅಪ್ರಿಯವಾದರೂ ಇದು ಹಿತವಾದ ಮಾತು.